ಡೈರೆಕ್ಟರ್ ಒಪ್ಪುವುದಿಲ್ಲ

ವೆಲ್ಕಾ, ನೆಬ್ರಾಸ್ಕಾ
ನವೆಂಬರ್ ೩೦, ೧೯೯೭, ಭಾನುವಾರ

ಪ್ರೀತಿಯ ಜೊಲೀನ್,

ನಿನ್ನ ಕಾರ್ಡನ್ನು ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲಿಸಿಟ್ಟಿದ್ದೇನೆ. ಪಾತ್ರೆ ತೊಳೆಯುವಾಗಲೆಲ್ಲ ಆ ಅಲಾಸ್ಕಾದ ಹಿಮಬೆಟ್ಟ ನನ್ನನ್ನೇ ನೋಡುತ್ತ 'ಉತ್ತರ ಎಲ್ಲಮ್ಮ?' ಎಂದು ಕೇಳಿದಂತಾಗುತ್ತದೆ. ಬರೆಯಲು ಕೂರದೆ ಇರಲಿಲ್ಲ. ಕೂತಾಗಲೆಲ್ಲ ಚಳಿಯ ವಿಷಯ ಬರೆದು ಮುಗಿಸುವಷ್ಟರಲ್ಲಿ ಕೈ ನಿಂತುಬಿಡುತ್ತಿತ್ತು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಸುಲಭದ ವಿಷಯವಾದರೆ ಬರೆದೇನು, ಇದು ಸುಲಭದ್ದಲ್ಲ. ತಡಮಾಡಿದ್ದಕ್ಕೆ ಬೈದುಕೋ, ಆಮೇಲೆ ಓದು.

ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲು ಮಾತ್ರ ಚೆನ್ನಾಗಿಲ್ಲ, ಆದರೂ ಶಾಲಾ ಬಸ್ಸಿನ ಕ್ಲಚ್ ಒತ್ತುವಷ್ಟಕ್ಕೆ ಇನ್ನೂ ಮಾತು ಕೇಳುತ್ತದೆ. ಗಸಗಸೆ ತುಂಬಿದ ಸಿಹಿ ಬನ್ನು, ನಿನ್ನಿಷ್ಟದ ಕೊಲಾಚಿ ಮಾಡಿ ಬೇರೆ ಡಬ್ಬಿಯಲ್ಲಿ ಕಳಿಸಿದ್ದೇನೆ. ಆಸ್ಪತ್ರೆಯಲ್ಲಿ ನಿನ್ನ ಜೊತೆಯ ನರ್ಸುಗಳಿಗೂ ಕೊಡು.

'ಅಮ್ಮ ಫೋನ್ ಎತ್ತುತ್ತಿಲ್ಲ, ಶಾಲೆಗೆ ಮಾಡಿದರೆ ಅವರು ಈಗ ಇಲ್ಲಿಲ್ಲ ಅಂತಾರೆ, ಏನಾಗಿದೆ ದೊಡ್ಡಮ್ಮ?' ಎಂದು ಕೇಳಿದ್ದೀಯ. ನಿನ್ನಮ್ಮ ಕೆಲಸ ಬಿಟ್ಟಿದ್ದಾಳೆ. ವಾಲಿಬಾಲ್ ಕೋಚ್ ಕೆಲಸ, ಕ್ರೀಡಾ ನಿರ್ದೇಶಕಿಯ ಕೆಲಸ, ಎರಡನ್ನೂ.

ಅವಳು ಆ ಕೆಲಸಕ್ಕೆ ಸೇರಿದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಹುಡುಗರ ಬಾಸ್ಕೆಟ್‌ಬಾಲ್ ತಂಡ ಬಿಸಾಡಿದ ಅಂಗಿಗಳನ್ನು ನಾನೇ ಹೊಲಿದು ಚಿಕ್ಕದು ಮಾಡಿಕೊಟ್ಟಿದ್ದೆ. ಹುಡುಗರು ಆಡಿ ಮುಗಿಸಿ ಬೆವರಿನ ವಾಸನೆ ಬಿಟ್ಟುಹೋದ ಮೇಲೆ ಹುಡುಗಿಯರಿಗೆ ಆಟದ ಅಂಗಳ ಸಿಗುತ್ತಿತ್ತು. ಆಮೇಲೆ ಕ್ರೀಡಾ ನಿರ್ದೇಶಕರ ಕುರ್ಚಿ ಖಾಲಿಯಾಯಿತು. ಅಂಗಳದ ಗೆರೆಗೆ ಬಣ್ಣ ಬಳಿಯುವುದು, ರೆಫರಿಗಳನ್ನು ಕಾಡಿ ಕರೆಸುವುದು, ಪಾಪ್‌ಕಾರ್ನ್ ಯಂತ್ರ ತೊಳೆಯುವುದು, ಇದನ್ನೆಲ್ಲ ಮಾಡಲು ಗಂಡಸರು ಯಾರೂ ಮುಂದೆ ಬರಲಿಲ್ಲ. ಅದೂ ಅವಳ ತಲೆಗೇ ಬಂತು. ಅಂದಿನಿಂದ ಅವಳ ಒಂದೇ ತಮಾಷೆ ನಿನಗೂ ಗೊತ್ತು. "ಕೋಚ್ ಆರ್ಲಿಸ್ ಹೊಸ ಚೆಂಡು ಕೇಳಿದ್ಲು ಅಕ್ಕಾ. ಡೈರೆಕ್ಟರ್ ಆರ್ಲಿಸ್ ಒಪ್ಪಲಿಲ್ಲ. ಮಹಾ ಜಿಪುಣಿ ಕಣೇ ಆಕೆ."

ನೀನು ಬೆಳೆದದ್ದು ಆ ಅಂಗಳದಲ್ಲಿ ಜನ ಕೂರುವ ಮರದ ಮೆಟ್ಟಿಲುಗಳ ಮೇಲೆ, ಅಲ್ಲಿಯೇ ಹೋಮ್‌ವರ್ಕ್, ಅಲ್ಲಿಯೇ ರಾತ್ರಿಯೂಟ. ಹದಿನಾಲ್ಕಕ್ಕೆ "ನಾನು ಸತ್ತರೂ ಆ ಚೆಂಡು ಮುಟ್ಟಲ್ಲ" ಎಂದೆ. ಎಷ್ಟೋ ವರ್ಷ ಮುಟ್ಟಲೂ ಇಲ್ಲ. ಅದಕ್ಕಾಗಿ ನಿನ್ನನ್ನು ನಾನು ಯಾವತ್ತೂ ದೂರಿಲ್ಲ.

ಈ ವರ್ಷದ ತಂಡವನ್ನು ನೀನು ನೋಡಬೇಕಿತ್ತು. ಡ್ವೇನ್‌ನ ಮಗಳು ಕೆಂದ್ರಾ ಇದ್ದಾಳಲ್ಲ, ಉದ್ದನೆಯ ಹುಡುಗಿ, ಅವಳು ಬಲೆಯ ಮೇಲೆ ಎದ್ದರೆ ಎದುರಿನವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಜಿಲ್ಲೆಯ ಕೊನೆಯ ಪಂದ್ಯದಲ್ಲಿ ಎಲ್ಡೋರ್ಫ್ ಊರಿನವರನ್ನು ಸೋಲಿಸಿದೆವು. ಈ ಊರು ರಾಜ್ಯದ ಪಂದ್ಯಾವಳಿಗೆ ಲಿಂಕನ್‌ಗೆ ಹೋಗುವುದು ಇದೇ ಮೊದಲು. ಅಂಗಡಿ ಕಿಟಕಿಗಳಿಗೆಲ್ಲ ಹುಡುಗಿಯರ ಹೆಸರು ಬರೆದರು. ಕ್ಷೌರದಂಗಡಿಯವನು ಕೂಡ.

ಗೆದ್ದು ಬರುವಾಗ ಬಸ್ಸಿನಲ್ಲಿ ಗಲಾಟೆಯೋ ಗಲಾಟೆ. ಹಿಂದಿನ ಸೀಟಿನಿಂದ ಒಬ್ಬಳು, "ಲಿಂಕನ್‌ನಲ್ಲಿ ಗೆದ್ರೆ ಏನ್ ಕೊಡ್ತಾರೋ, ಕೆಂದ್ರಾಗೆ ಮಾತ್ರ ಹಂದಿ ತೊಡೆನೇ ಬೇಕು" ಎಂದಳು. ಇನ್ನೊಬ್ಬಳು, "ಚರ್ಚ್ ಪಿಕ್ನಿಕ್ಕಲ್ಲಿ ತೊಡೆ ಗೆದ್ದಿದ್ಲಲ್ಲ, ಅವರಪ್ಪ ಒಂದ್ ವಾರ ಅದನ್ನೇ ತಿಂದ" ಎಂದಳು. ಕೆಂದ್ರಾ, "ನಿಮಗೆ ಹೊಟ್ಟೆಕಿಚ್ಚು ಕಣ್ರೇ" ಎಂದು ಮೆತ್ತನೆಯ ದಿಂಬು ಎಸೆದಳು. ನಾನು ಕನ್ನಡಿಯಲ್ಲಿ ನಗುತ್ತಿದ್ದೆ. ಆ ಕನ್ನಡಿಯಲ್ಲೇ ನಿನ್ನಮ್ಮನ ಮುಖ ಕಂಡಿತು. ಅವಳು ನಗುತ್ತಿರಲಿಲ್ಲ.

ಆ ಪಿಕ್ನಿಕ್ ನಿನಗೆ ನೆನಪಿರಬೇಕು, ಸೆಪ್ಟೆಂಬರ್‌ನಲ್ಲಿ ನೀನು ಬಂದಿದ್ದಾಗಿನದು. ವಾಲಿಬಾಲ್ ಪಂದ್ಯಕ್ಕೆ ನಿಂತ ನಿಮ್ಮ ಗುಂಪಿನ ಒಬ್ಬಳ ಪಾದ ಉಳುಕಿತು, ಆರನೆಯವರು ಬೇಕಾಯಿತು, ಐಸ್‌ಕ್ರೀಮ್ ನೆಕ್ಕುತ್ತ ನಿಂತಿದ್ದ ಕೆಂದ್ರಾಳನ್ನು ನೀನೇ ಎಳೆದುಕೊಂಡೆ. ಗೆದ್ದವರಿಗೆ ತಲೆಗೊಂದು ಹೊಗೆಯಲ್ಲಿ ಹದಮಾಡಿದ ತೊಡೆ. ಇದರಲ್ಲಿ ನಿನ್ನ ತಪ್ಪು ಎಳ್ಳಷ್ಟೂ ಇಲ್ಲ, ನಿನಗೆ ನಿಯಮ ಗೊತ್ತಿರಲಿಲ್ಲ. ನಿಯಮ ಏನೆಂದರೆ, ಶಾಲೆಯ ಪಂದ್ಯಗಳು ನಡೆಯುವ ತಿಂಗಳುಗಳಲ್ಲಿ ತಂಡದ ಹುಡುಗಿ ಹೊರಗೆಲ್ಲೂ ಬಹುಮಾನಕ್ಕೆ ವಾಲಿಬಾಲ್ ಆಡುವಂತಿಲ್ಲ. ಆಡಿದರೆ ಆಮೇಲೆ ಅವಳಿದ್ದು ಗೆದ್ದದ್ದೆಲ್ಲ ಹೋಯಿತು.

ಲಿಂಕನ್‌ಗೆ ಹೊರಡುವ ಮೊದಲು, ನಮ್ಮ ಹುಡುಗಿಯರೆಲ್ಲ ನಿಯಮದಂತೆ ಇದ್ದಾರೆ ಎಂದು ಕ್ರೀಡಾ ನಿರ್ದೇಶಕರು ಮಾತು ಕೊಡಬೇಕು. ಮಾರನೆಯ ಬೆಳಿಗ್ಗೆ ಬಸ್ಸು ತೊಳೆಯುತ್ತಿದ್ದಾಗ ಅವಳು ನನ್ನ ಹತ್ತಿರ ಬಂದಳು.

"ರಾಜ್ಯದ ಕ್ರೀಡಾ ಮಂಡಳಿಗೆ ಫೋನ್ ಮಾಡ್ತೀನಿ ಅಕ್ಕಾ."

"ಹುಚ್ಚಿ, ಅದು ಚರ್ಚಿನ ಹಿತ್ತಲಾಟ. ಯಾರ್ ಕೇಳ್ತಾರೆ?"

"ಯಾರೂ ಕೇಳಲ್ಲ."

"ಮತ್ತೆ? ಕೋಚ್ ಆಗಿ ಯೋಚನೆ ಮಾಡೇ. ಆ ಮಕ್ಕಳ ಮುಖ ನೋಡು."

"ಕೋಚ್ ರಾತ್ರಿಯೆಲ್ಲ ಬೇಡಿಕೊಂಡ್ಲು," ಎಂದಳು. "ಡೈರೆಕ್ಟರ್ ಒಪ್ಪಲ್ಲ."

ಇಷ್ಟು ವರ್ಷ ಆ ಮಾತಿಗೆ ನಕ್ಕವಳು ನಾನು. ಅವತ್ತು ಕೈಯಲ್ಲಿದ್ದ ನೀರಿನ ಕೊಳವೆ ನನ್ನ ಬೂಟಿನ ಮೇಲೇ ಸುರಿಯುತ್ತಿತ್ತು, ಗೊತ್ತಾಗಲಿಲ್ಲ.

ಆಮೇಲಿನದು ಬೇಗ ಮುಗಿಯಿತು. ಗೆಲುವುಗಳು ರದ್ದಾದವು, ನಮ್ಮ ಬದಲು ಎಲ್ಡೋರ್ಫ್‌ನವರು ಹೋದರು. ಕಿಟಕಿಗಳ ಮೇಲಿನ ಹೆಸರುಗಳನ್ನು ಜನ ಬ್ಲೇಡಿನಿಂದ ಕೆರೆದರು. ಕಾಫಿ ಅಂಗಡಿಯಲ್ಲಿ ಡ್ವೇನ್ ನನ್ನ ಮೇಜಿನ ಮುಂದೆ ನಿಂತು, "ನಿನ್ನ ತಂಗೀಗೆ ಸಂತಳು ಆಗ್ಬೇಕಿತ್ತಾ? ಆಗ್ಲಿ. ನನ್ನ ಮಗಳನ್ನ ಯಾಕ್ ಬಲಿ ಕೊಟ್ಲು? ಹುಡ್ಗಿ ಶಾಲೆಗೆ ಹೋದ್ರೆ 'ಹಂದಿ ತೊಡೆ' ಅಂತ ಕೂಗ್ತಾರೆ" ಎಂದ. ಬಸ್ಸು ತೊಳೆಯುವಾಗ ನಾನು ಕೇಳಿದ್ದೂ ಅದನ್ನೇ ಅಲ್ಲವೇ?

ನಿನ್ನಮ್ಮ ಅವರ ಮನೆಗೆ ಹೋದಳು. ನಾನು ಕಾರಿನಲ್ಲೇ ಕೂತಿದ್ದೆ. ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ಅವಳು ಮೆಟ್ಟಿಲ ಮೇಲೆ ನಿಂತು ಮುಚ್ಚಿದ ಬಾಗಿಲಿಗೇ, "ಕೆಂದ್ರಾ, ನಿನ್ನ ತಪ್ಪಿಲ್ಲ ಮಗಾ" ಎಂದಳು. ಇನ್ನೊಂದು ಸಲ ಹೇಳಿದಳು. ಆಮೇಲೆ ಕಾರಿಗೆ ಬಂದು ಬೆಲ್ಟ್ ಹಾಕಿಕೊಂಡಳು. ಮರುದಿನ ಬೀಗದ ಕೈಗಳನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟಳು. ಅವರು ಬೇಡವೆನ್ನಲಿಲ್ಲ. ಒಳ್ಳೆಯ ಮನುಷ್ಯನೇ, ಆದರೆ ಅವರೂ ಈ ಊರಲ್ಲೇ ಬದುಕಬೇಕಲ್ಲ.

ಲಿಂಕನ್‌ಗೆ ಹೊರಡಬೇಕಿದ್ದ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಬಸ್ಸನ್ನು ಚಾಲೂ ಮಾಡಿ ಕೂತೆ. ಖಾಲಿ ಬಸ್ಸು ಬೆಚ್ಚಗಾಗುತ್ತಿತ್ತು. ನಿನ್ನಮ್ಮ ತನ್ನ ಕೊನೆಯ ಪೆಟ್ಟಿಗೆ ಹೊತ್ತುಕೊಂಡು ಶಾಲೆಯಿಂದ ಹೊರಗೆ ಬಂದು, ಕಿಟಕಿ ತಟ್ಟಿ, "ಆರಿಸು ಅಕ್ಕಾ, ಡೀಸೆಲ್ ದಂಡ" ಎಂದಳು. ಆರಿಸಿದೆ. ಬೇರೇನು ಮಾಡಲಿ?

ಈಗ ಅವಳು ಮನೆಯಲ್ಲಿದ್ದಾಳೆ. ಊಟ ಮಾಡುತ್ತಾಳೆ, ಗ್ಯಾರೇಜು ಗುಡಿಸುತ್ತಾಳೆ, ಮತ್ತೆ ಗುಡಿಸುತ್ತಾಳೆ. ಫೋನ್ ರಿಂಗಾದರೆ ಅದು ಸುಮ್ಮನಾಗುವವರೆಗೂ ನೋಡುತ್ತಾಳೆ, ಬೈಗುಳದ ಫೋನೇ ಹೆಚ್ಚು. ನಾನು ದಿನಾ ಸೂಪು ಒಯ್ಯುತ್ತೇನೆ. ಸೂಪಿನಿಂದ ಆಗುವುದಿಷ್ಟೇ.

ನಿನ್ನ ಕೈಗೆ ಶಕ್ತಿಯಿರಲಿ, ಅಲ್ಲಿನ ಕತ್ತಲೆಯಲ್ಲಿ ನಿನ್ನ ಮನಸ್ಸಿಗೆ ಬೆಳಕಿರಲಿ, ದೇವರು ನಿನ್ನನ್ನು ಕಾಯಲಿ. ಕಾಲುಚೀಲ ಎರಡೆರಡು ಹಾಕಿಕೋ.

ನಿನ್ನ ದೊಡ್ಡಮ್ಮ,
ವರ್ಲೀನ್

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅವಳಿಗೆ ಬಸ್ಸಿನಲ್ಲಿ ತಿಳಿಯಿತೆಂದು ಊರೆಲ್ಲ ನಂಬಿದೆ. ಹಾಗಲ್ಲ. ಕೆಂದ್ರಾ ನಿಮ್ಮ ಗುಂಪಿಗೆ ಇಳಿದಾಗ ನಿನ್ನಮ್ಮ ಗೆರೆಯ ಪಕ್ಕದಲ್ಲೇ ನಿಂತಿದ್ದಳಂತೆ. ತಡೆಯಲು ಕೈ ಎತ್ತಿದ್ದಳಂತೆ. ಅಷ್ಟರಲ್ಲಿ ನೀನು, ಸತ್ತರೂ ಮುಟ್ಟಲ್ಲ ಎಂದಿದ್ದ ಆ ಚೆಂಡನ್ನು ಕೈಯಲ್ಲಿ ಹಿಡಿದು, "ಅಮ್ಮಾ, ಅಂಕ ಬರಿ ಬಾ" ಎಂದು ಕೂಗಿದೆ. "ನಗ್ತಾ ಇದ್ಲು ಅಕ್ಕಾ," ಎಂದಳು ನನಗೆ. "ನನ್ನ ಕರೆದ್ಲು. ನಿಲ್ಲಿಸಿದ್ರೆ ಆಟ ಮುಗಿದುಹೋಗ್ತಿತ್ತು." ಹೋಗಿ ಅಂಕ ಬರೆದಳು. ಆಮೇಲೆ ಪ್ರತಿ ಗೆಲುವಿನಲ್ಲೂ ಅದನ್ನು ಬಚ್ಚಿಟ್ಟುಕೊಂಡೇ ಚಪ್ಪಾಳೆ ತಟ್ಟಿದಳು. ಮಂಡಳಿಗೆ ಇದನ್ನೂ ಹೇಳಿದ್ದಾಳೆ. ನಿನಗೆ ಮಾತ್ರ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಫೋನ್ ಮಾಡು, ಎತ್ತುವವರೆಗೂ ಮಾಡು. ಈ ವಿಷಯ ಎತ್ತಬೇಡ. ಆ ದಿನ ನಿಮ್ಮ ಆಟದ ಅಂಕ ಎಷ್ಟಿತ್ತು ಎಂದಷ್ಟೇ ಕೇಳು. ಅವಳಿಗೆ ನೆನಪಿದೆ.