ಮೂವರೂ ಒಪ್ಪಿದ ಕಂಬಿ

ಕಾರ್ಮಿಕ ಇಲಾಖೆಯ ಮಾನ್ಯ ಆಯುಕ್ತರೇ,

ಕಳೆದ ತಿಂಗಳ ಒಂಬತ್ತನೆಯ ತಾರೀಕು, ಮಧ್ಯಾಹ್ನದ ಪಾಳಿಯಲ್ಲಿ, ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ಕಾರ್ಖಾನೆಯ ಇಸ್ತ್ರಿ ಯಂತ್ರ ನನ್ನ ತಂಗಿಯ ಬಲಗೈಯನ್ನು ಮಣಿಕಟ್ಟಿನವರೆಗೆ ಒಳಗೆಳೆದುಕೊಂಡಿತು. ಕಾದ ರೋಲರಿನ ಮುಂದೆ ಕೈ ತಡೆಯಲೆಂದು ಇರಬೇಕಾದ ಕಂಬಿ ಅಲ್ಲಿರಲಿಲ್ಲ. ಕೆಲಸ ನಿಧಾನವಾಗುತ್ತದೆಂದು ಅದನ್ನು ಕಳಚಿ ಗೋಡೆಗೆ ಒರಗಿಸಿ ವರ್ಷದ ಮೇಲಾಗಿತ್ತು.

ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಹನ್ನೊಂದು ತಿಂಗಳ ಹಿಂದೆ ತಮ್ಮದೇ ಅಧ್ಯಕ್ಷತೆಯಲ್ಲಿ ತ್ರಿಪಕ್ಷೀಯ ಸಮಿತಿ ಸೇರಿ, ಸಂಘ, ಮಾಲೀಕರು, ಸರ್ಕಾರ ಮೂವರೂ ಒಪ್ಪಿ, ಕಂಬಿಯನ್ನು ಮತ್ತೆ ಹಾಕಬೇಕೆಂದು ನಿರ್ಣಯಿಸಿದಿರಿ. ಆದರೆ ನಿಮ್ಮಲ್ಲೊಂದು ಪದ್ಧತಿ: ಮುಂದಿನ ಸಭೆ ನಡಾವಳಿಯನ್ನು ದೃಢೀಕರಿಸುವವರೆಗೆ ಯಾವ ನಿರ್ಣಯವೂ ಜಾರಿಯಾಗದು, ಮೂವರಲ್ಲಿ ಒಬ್ಬರು ಬಾರದಿದ್ದರೂ ಸಭೆ ನಡೆಯದು. ಮೊದಲ ಸಲ ಮಾಲೀಕರ ಪ್ರತಿನಿಧಿ ಊರಲ್ಲಿರಲಿಲ್ಲ. ಎರಡನೆಯ ಸಲ ಸಂಘದ ಕಾರ್ಯದರ್ಶಿಗೆ ಚುನಾವಣೆಯ ಗಡಿಬಿಡಿ. ಮೂರನೆಯ ಸಲ ತಾವೇ ತರಬೇತಿಗೆ ಹೋಗಿದ್ದಿರಿ. ವಿಷಯ, ‘ಕೈಗಾರಿಕಾ ಸೌಹಾರ್ದ’. ತ್ರಿಪಕ್ಷೀಯ ಸಹಕಾರವೆಂದರೆ ಸರದಿಯ ಮೇಲೆ ಗೈರುಹಾಜರಾಗುವುದು ಎಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಈ ಸಮಿತಿಯ ನಿಯಮಾವಳಿಯ ಕರಡೂ ನನ್ನ ಮೇಜಿಗೆ ಬಂದಿತ್ತು. ‘ಜೀವಕ್ಕೆ ಅಪಾಯವಿದ್ದಲ್ಲಿ ನಿರ್ಣಯ ತಕ್ಷಣ ಜಾರಿ’ ಎಂದು ಹದಿನೇಳನೆಯ ನಿಯಮ ಹೇಳುತ್ತದೆ. ತಂಗಿ ಕಂಬಿಯ ವಿಷಯ ಹೇಳಿದಾಗಲೇ, ಅಪಘಾತಕ್ಕೆ ಎರಡು ತಿಂಗಳು ಮುಂಚೆ, ಆ ಪುಟ ಹಿಡಿದು ನಿಮ್ಮ ಕಚೇರಿಗೆ ಹೋದೆ.

‘ಯಜಮಾನ್ರೇ, ಅಪಾಯ ಇದೆ ಅಂತ ಸಮಿತೀನೇ ಹೇಳ್ಬೇಕು. ಅದಕ್ಕೆ ಸಮಿತಿ ಸೇರ್ಬೇಕಲ್ಲ!’ ಎಂದರು ಗುಮಾಸ್ತರು.

‘ಬೆಂಕಿ ಬಿದ್ರೂ ಸಭೆಗೆ ಕಾಯ್ತೀರಾ?’

‘ಬೆಂಕಿ ನಮ್ಮ ಇಲಾಖೆ ಅಲ್ಲ, ಸ್ವಾಮಿ.’

ಊರು ಕೊಳ್ಳೆ ಹೋದ ಮೇಲಾದರೂ ಕೋಟೆ ಬಾಗಿಲು ಹಾಕುತ್ತಾರೆಂದು ಗಾದೆ. ನಿಮ್ಮಲ್ಲಿ ಅದೂ ಇಲ್ಲ. ಕಂಬಿ ಇಂದಿಗೂ ಗೋಡೆಗೇ ಒರಗಿದೆ. ಮೊನ್ನೆ ಆಸ್ಪತ್ರೆಯಲ್ಲಿ ತಂಗಿ ಹೇಳಿದಳು: ‘ಅಣ್ಣಾ, ನನ್ನ ಕೈ ಹೋಗಿದ್ದು ಹೋಯ್ತು ಬಿಡು. ನನ್ನ ಜಾಗಕ್ಕೆ ನಮ್ಮ ನಾದಿನೀನ ನಿಲ್ಸಿದಾರೆ. ಅವಳ ಕೈ ನಂದಕ್ಕಿಂತ ಚುರುಕು ಕಣೋ, ಅದೇ ಭಯ.’

ಇನ್ನೊಂದು ಸಭೆ ಕರೆಯಿರೆಂದು ನಾನು ಬೇಡುತ್ತಿಲ್ಲ. ಹದಿನೇಳನೆಯ ನಿಯಮದಂತೆ, ಕಂಬಿ ಹಾಕುವವರೆಗೆ ಆ ಯಂತ್ರವನ್ನು ಇಂದೇ ನಿಲ್ಲಿಸಿ. ಆಗದಿದ್ದರೆ ಯಾಕಾಗದೆಂದು ಮೂರು ಪಕ್ಷದವರೂ ಸಹಿ ಹಾಕಿ, ಈ ಬಹಿರಂಗ ಪತ್ರ ಅಚ್ಚಾಗುವ ಇದೇ ಪತ್ರಿಕೆಯಲ್ಲಿ ಉತ್ತರಿಸಿ. ಅದರ ಪ್ರತಿಯೊಂದನ್ನು ಯಂತ್ರದ ಪಕ್ಕದಲ್ಲೂ ಅಂಟಿಸಿ. ಆ ನಾದಿನಿಗೆ ಓದಲು ಬರುತ್ತದೆ.

ಇಂತಿ,
ಅಚ್ಚಾದ ಮಾತನ್ನು ಇನ್ನೂ ನಂಬುವ
ಒಬ್ಬ ದಡ್ಡ ಅಣ್ಣ