ಕೂತಲ್ಲೇ ತೆಗೆದ ಚಿತ್ರ

ಮನೆಯಿಂದ,
ಜೂನ್ ೧೨, ಬುಧವಾರ

ನನ್ನವರಿಗೆ ಪ್ರೀತಿಯ ನೆನಪುಗಳು.

ಹೇಗಿದ್ದೀರಿ? ಕೆಮ್ಮು ಬಿಟ್ಟಿತೇ? ಹಡಗಿನ ಅಡುಗೆಯವನನ್ನು ಬೈದುಕೊಂಡಾದರೂ ಹೊಟ್ಟೆ ತುಂಬ ಉಣ್ಣಿ. ಫೋನಿನಲ್ಲೇ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಇರುತ್ತಾರೆ, ನನಗೆ ಬಾಯಿಯೂ ಬರುವುದಿಲ್ಲ. ಅದಕ್ಕೇ ಈ ಪತ್ರ.

ಅತ್ತೆಯ ಮಂಡಿನೋವಿನ ವಿಷಯ. ಎಕ್ಸ್‌ರೇ ತೆಗೆಯುವ ಸೊಸೆ ನಾನಿದ್ದೇನಲ್ಲ ಎಂಬ ಜಂಬದಲ್ಲಿ, ಡಾಕ್ಟರ ಚೀಟಿ ಗೀಟಿ ಏನೂ ಇಲ್ಲದೆ, ಹೋದ ತಿಂಗಳು ಊಟದ ಬಿಡುವಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆಸಿಕೊಂಡು ಚಿತ್ರ ತೆಗೆದೆ. ಡಾಕ್ಟರಿಗೂ ತೋರಿಸಲಿಲ್ಲ. ದೊಡ್ಡ ಪಂಡಿತಳ ಹಾಗೆ, ‘ಏನೂ ಇಲ್ಲ, ಮೆಟ್ಟಿಲು ಹತ್ತೋಕೆ ಸೋಮಾರಿತನ’ ಎಂದೆ. ನಿಮ್ಮ ಕಿವಿಗೂ ಅದನ್ನೇ ಊದಿದೆ. ನೀವು ಫೋನಿನಲ್ಲಿ ಅವರಿಗೆ ‘ನಾಟಕ ಸಾಕಮ್ಮ’ ಅಂದಿರಿ. ಆಮೇಲೆ ಅವರು ಮಂಡಿಯ ಸುದ್ದಿಯನ್ನೇ ಎತ್ತಿಲ್ಲ. ಕಂಬಿ ಹಿಡಿದು, ತುಟಿ ಕಚ್ಚಿಕೊಂಡು ಮೆಟ್ಟಿಲು ಹತ್ತುತ್ತಾರೆ.

ನಿನ್ನೆ, ಹೊಸದಾಗಿ ಸೇರಿದವಳಿಗೆ ಸರಿಯಿರುವ ಮಂಡಿ ಹೇಗಿರುತ್ತದೆಂದು ತೋರಿಸಲು ಆ ಚಿತ್ರವನ್ನೇ ತೆರೆದೆ. ನೋಡಿದರೆ, ನಾನು ತೆಗೆದ ರೀತಿಯೇ ತಪ್ಪು. ರೋಗಿಯನ್ನು ಮಲಗಿಸಿ, ಕಾಲನ್ನು ತುಸುವೇ ಮಡಚಿಸಿ, ಪಕ್ಕದಿಂದ ತೆಗೆಯಬೇಕು. ಆಗ ಒಳಗೆ ನೀರು ತುಂಬಿದ್ದರೆ ಮಂಡಿಚಿಪ್ಪಿನ ಮೇಲ್ಗಡೆ ಮಸುಕಾದ ಉಬ್ಬು ಕಾಣುತ್ತದೆ. ಹೆಚ್ಚು ಮಡಚಿದರೆ ನೀರು ಒತ್ತಿಹೋಗಿ ಅಡಗಿಬಿಡುತ್ತದೆ. ದಿನಾ ಬೇರೆಯವರಿಗೆ ಇದನ್ನು ಹೇಳಿಕೊಡುವವಳು ನಾನು! ಬಿಡುವು ಮುಗಿಯುತ್ತದೆಂಬ ಅವಸರದಲ್ಲಿ, ಅತ್ತೆ ಕಾಲು ಇಳಿಬಿಟ್ಟು ಕೂತಿದ್ದ ಹಾಗೆಯೇ ತೆಗೆದಿದ್ದೆ. ಮಲಗಿಸುವಷ್ಟು ತಾಳ್ಮೆಯೂ ನನಗಿರಲಿಲ್ಲ.

ಸಂಜೆಯೇ ಕರೆದೊಯ್ದು ಸರಿಯಾಗಿ ತೆಗೆದೆ. ಉಬ್ಬು ಎದ್ದು ಕಾಣುತ್ತಿತ್ತು, ರೀ. ನಾಚಿಕೆಯಿಂದ ಸತ್ತೇಹೋದೆ. ಅವರ ಕಾಲಿಗೆ ಬಿದ್ದೆ. ‘ಏಳೇ ಹುಚ್ಚಿ, ಆ ಕಾಲು ಮುಟ್ಟಬೇಡ, ನೋಯುತ್ತೆ’ ಎಂದು ನಕ್ಕರು. ಡಾಕ್ಟರಿಗೆ ತೋರಿಸೋಣ, ನೀರು ತೆಗೆದು ನೋಡಿದರೆ ಕಾರಣ ತಿಳಿಯುತ್ತದೆ, ತಡಮಾಡಿದರೆ ಕೀಲೇ ಕೆಟ್ಟೀತು ಎಂದರೆ ಸುತರಾಂ ಒಪ್ಪುತ್ತಿಲ್ಲ. ಸೂಜಿಗೆ ಹೆದರಿಕೆಯಂತೆ.

ಪಕ್ಕದ ಮನೆಯ ಟೈಲರಣ್ಣ ನಿಮ್ಮನ್ನು ವಿಚಾರಿಸಿದರು. ಚಳಿಗಾಳಿಯಲ್ಲಿ ನಿಲ್ಲಬೇಡಿ.

ನಿಮಗೆ ಮುಖ ತೋರಿಸಲಾರದ,
ನಿಮ್ಮವಳು

ತಾ.ಕ.: ಸೂಜಿಯ ಹೆದರಿಕೆ ಸುಳ್ಳು. ಲಕೋಟೆ ಅಂಟಿಸುವಾಗ ಅತ್ತೆ ಬಾಯಿಬಿಟ್ಟರು: ‘ಡಾಕ್ಟ್ರು ಹಳೇ ಚಿತ್ರ ಕೇಳ್ತಾರೆ. ಚೀಟಿ ಇಲ್ದೆ ತೆಗೆದಿದ್ದು ಗೊತ್ತಾದ್ರೆ ನಿನ್ನ ಕೆಲಸ ಹೋಗುತ್ತೆ. ನನ್ನ ಕಾಲು ಹೇಗೋ ನಡೆಯುತ್ತೆ ಬಿಡು. ಅವನಿಗೂ ಹೇಳ್ಬೇಡ, ನಿನ್ನ ಮೇಲೆ ರೇಗ್ತಾನೆ.’ ನಾಳೆ ಎರಡೂ ಚಿತ್ರಗಳನ್ನು ನಾನೇ ಡಾಕ್ಟರ ಮುಂದಿಡುತ್ತೇನೆ, ಕೆಲಸ ಹೋದರೆ ಹೋಗಲಿ. ಅತ್ತೆಯನ್ನು ಒಪ್ಪಿಸುವುದು ಮಾತ್ರ ನಿಮ್ಮಿಂದಲೇ ಆಗಬೇಕು. ಪತ್ರ ಸಿಕ್ಕ ಕೂಡಲೇ ಫೋನ್ ಮಾಡಿ. ನನ್ನನ್ನು ಆಮೇಲೆ ಬೈಯಿರಿ. ಮೊದಲು ‘ತುಂಬಾ ನೋಯುತ್ತಾ ಅಮ್ಮಾ’ ಎಂದು ಕೇಳಿ. ನಾವಿಬ್ಬರೂ ಅದೊಂದನ್ನು ಕೇಳಲೇ ಇಲ್ಲ.