ಅಪ್ಪನ ಬೆರಳಿಗೊಂದು ಹಳೆಯ ರೇಸು

ತಮ್ಮಾ,

ಈ ಮನೆಯ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ: ನಮ್ಮ ಹಳೆಯ ವಿಡಿಯೋ ಗೇಮ್ ಇಂದು ಬೆಳಗ್ಗೆ ಏಳೂಕಾಲಿಗೆ ಹೊಸ ಟಿವಿಯಲ್ಲಿ ಓಡಿತು. "ಹಳೇದಕ್ಕೂ ಇದಕ್ಕೂ ಆಗಿಬರಲ್ಲ ಅಕ್ಕಾ" ಅಂತ ಮೂರು ದಿನ ಪ್ರವಚನ ಕೊಟ್ಟೆಯಲ್ಲ, ಟಿವಿಯದೇನೂ ತಪ್ಪಿಲ್ಲ. ಹಳದಿ, ಕೆಂಪು, ಬಿಳಿ ವೈರುಗಳನ್ನು ನೀನು ಹಳೆಯ ಗೇಮನ್ನು ಹೊಸ ಟಿವಿಗೆ ಹೊಂದಿಸುವ ಆ ಪುಟ್ಟ ಕನ್ವರ್ಟರ್ ಡಬ್ಬಿಗೆ ಸರಿಯಾಗಿಯೇ ಸಿಕ್ಕಿಸಿದ್ದೆ. ಅದಕ್ಕೂ ಕರೆಂಟು ಬೇಕೆಂಬುದನ್ನು ಮಾತ್ರ ಮರೆತಿದ್ದೆ. ನಿನ್ನ ಫೋನಿನ ಚಾರ್ಜರ್ ಹಾಕಿದ್ದೇನೆ. ಕೀಳಬೇಡ. ಫೋನು ಸತ್ತರೆ ಸಾಯಲಿ.

ಕೈಯ ಪ್ಲಾಸ್ಟರ್ ತೆಗೆಸಿಕೊಂಡು ಅಪ್ಪ ಹನ್ನೊಂದಕ್ಕೆ ಬರುತ್ತಾರೆ. ದಿನಾ ಬೆರಳು ಆಡಿಸದಿದ್ದರೆ ಹಾಗೇ ಸೆಟೆದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದಾರೆ. ಅವರು ಹೋದ ವಾರವೇ ಕೊಟ್ಟ ರಬ್ಬರ್ ಚೆಂಡನ್ನು ಅಪ್ಪ "ನಾನೇನು ಕೂಸಾ?" ಎಂದು ಬೀರುವಿನ ಮೇಲೆ ಎಸೆದದ್ದನ್ನು ನೀನೇ ನೋಡಿದ್ದೀಯ.

ಆದ್ದರಿಂದ ವ್ಯಾಯಾಮದ ಮಾತೆತ್ತಬೇಡ. ಗೇಮಿನ ಕಂಟ್ರೋಲರ್ ಹಿಡಿದು, ಕಾರ್ ರೇಸ್ ಹಾಕಿಕೊಂಡು ಕೆಟ್ಟದಾಗಿ ಆಡುತ್ತ ಕೂರು. ನಿನಗೆ ನಟಿಸುವ ಅಗತ್ಯವೂ ಇಲ್ಲ. ಐದು ನಿಮಿಷದಲ್ಲಿ "ಕೊಡೋ ಇಲ್ಲಿ, ದಂಡಪಿಂಡ" ಎನ್ನುತ್ತಾರೆ. ಕೊಡು. ಊಟದ ತನಕ ವಾಪಸ್ ಕೇಳಬೇಡ.

ಕೆಲಸಕ್ಕೆ ಹೊರಡುವ ಮುಂಚೆ ನಾನೇ ಒಂದು ಸುತ್ತು ಆಡಿ ನೋಡಿದೆ. ಎಲ್ಲ ಗುಂಡಿಗಳೂ ಕೆಲಸ ಮಾಡುತ್ತವೆ. ರೇಸಿನಲ್ಲಿ ನಾನು ಕೊನೆಯವಳಾಗಿ ಬಂದೆ.